ಮನೆಯಿಂದ ಹೊರಗಾದ ಬಡವರು: ಎರಡು ದಸ್ತಾವೇಜುಗಳು ಮತ್ತು ದಾವಣಗೆರೆಯ ಒಂದು ಸಾಕ್ಷ್ಯ

ಎರಡು ವರ್ಷಗಳ ಅಂತರದಲ್ಲಿ ರೋಮಿನಿಂದ ಬಂದ ಎರಡು ಬರಹಗಳಿಗೆ ನಮ್ಮಲ್ಲಿ ದೊರೆತ ಸ್ವಾಗತದ ವ್ಯತ್ಯಾಸವೇ ಈ ಲೇಖನಕ್ಕೆ ಪ್ರೇರಣೆ. ಮೊದಲನೆಯದು, ವಿಶ್ವಾಸ ಸಿದ್ಧಾಂತದ ವಿಭಾಗವು 2023ರ ಡಿಸೆಂಬರ್ 18ರಂದು ಹೊರಡಿಸಿದ 'ಫಿದೂಚಿಯ ಸುಪ್ಲಿಕಾನ್ಸ್' ಎಂಬ ಘೋಷಣೆ. ಎರಡನೆಯದು, ಜಗದ್ಗುರು ಹದಿನಾಲ್ಕನೆಯ ಲಿಯೋರವರು 2025ರ ಅಕ್ಟೋಬರ್ 4ರಂದು, ಅಸ್ಸೀಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ, ಸಹಿ ಮಾಡಿದ 'ದಿಲೆಕ್ಸಿ ತೆ' ಎಂಬ ಪ್ರೇಷಿತ ಪ್ರಬೋಧನೆ. ಬಡವರ ಮೇಲಣ ಪ್ರೀತಿಯನ್ನು ಕುರಿತ ಎರಡನೆಯದು ಕೂಡಲೇ ಪ್ರಬೋಧನೆಗಳಿಗೆ, ತಪೋಧ್ಯಾನಕೂಟಗಳಿಗೆ ವಸ್ತುವಾಯಿತು. ಸಲಿಂಗ ಜೋಡಿಗಳೂ ಸೇರಿದಂತೆ ಧರ್ಮಸಭೆಯ ದೃಷ್ಟಿಯಲ್ಲಿ ಕ್ರಮಬದ್ಧವಲ್ಲದ ಸ್ಥಿತಿಯಲ್ಲಿರುವವರ ಮೇಲೆ ಗುರುವೊಬ್ಬರು ಆಶೀರ್ವಾದವನ್ನು ಬೇಡಬಹುದೇ ಎಂದು ಕೇಳಿದ ಮೊದಲನೆಯದನ್ನಾದರೋ ನಮ್ಮಲ್ಲಿ ಹೆಚ್ಚಿನವರು ಪತ್ರಿಕೆಗಳ ತಲೆಬರಹಗಳಲ್ಲಿ ಓದಿದರು. ಮೂಲದಲ್ಲಿ ಓದಿದವರು ಕೆಲವರೇ.

ಇದಕ್ಕೆ ನಮ್ಮ ಪಾಠಕ್ರಮವೂ ಒಂದು ಕಾರಣ. ಬಡವರ ಪ್ರಶ್ನೆಯನ್ನು ನಾವು ಸಾಮಾಜಿಕ ಬೋಧನೆಯ ತರಗತಿಯಲ್ಲಿ ಕಲಿಸುತ್ತೇವೆ. ಸಲಿಂಗಾಸಕ್ತರ ಪ್ರಶ್ನೆಯನ್ನು ನೈತಿಕ ದೈವಶಾಸ್ತ್ರದ ತರಗತಿಯಲ್ಲಿ, ಆರನೆಯ ಕಟ್ಟಳೆಯ ಅಡಿಯಲ್ಲಿ. ಒಂದರ ಅಧ್ಯಾಪಕರು ಬೇರೆ, ಇನ್ನೊಂದರವರು ಬೇರೆ. ಒಂದಕ್ಕೆ ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯ ಆಧಾರ, ಇನ್ನೊಂದಕ್ಕೆ ರೋಮನರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯ. ಹೀಗೆ ಕಲಿತ ಗುರುವಿದ್ಯಾರ್ಥಿಗೆ, ಈ ಎರಡು ಪಾಠಗಳೂ ಒಬ್ಬನೇ ಮನುಷ್ಯನನ್ನು ಕುರಿತವಾಗಿರಬಹುದೆಂಬುದು ಹೊಳೆಯುವುದು ಕಷ್ಟ. ಆದರೆ ನಮ್ಮ ಪ್ರಾಂತದಲ್ಲಿ, ಶಿವಮೊಗ್ಗ ಧರ್ಮಕ್ಷೇತ್ರದ ಈ ಬಯಲುಸೀಮೆಯ ಭಾಗವಾದ ದಾವಣಗೆರೆ ಹರಿಹರಗಳಲ್ಲಿ, ಇವೆರಡು ಪ್ರಶ್ನೆಗಳು ಬಹುಪಾಲು ಒಂದೇ ದೇಹದಲ್ಲಿ ಎದುರಾಗುತ್ತವೆ.

ಮುಂದುವರಿಯುವ ಮುನ್ನ ಪದವೊಂದರ ಬಗ್ಗೆ. 'ಸಲಿಂಗಕಾಮಿ' ಎಂಬ ಪದವನ್ನು ನಾವು ಇಲ್ಲಿ ಬಳಸುವುದಿಲ್ಲ. ಕನ್ನಡದಲ್ಲಿ 'ಕಾಮಿ' ಎಂದೊಡನೆ ವಿಚಾರಣೆಯಿಲ್ಲದೆ ತೀರ್ಪು ಹೊರಬಿದ್ದಿರುತ್ತದೆ. ಹೆಂಡತಿಯನ್ನು ಪ್ರೀತಿಸುವ ಗಂಡನನ್ನು ಯಾರೂ 'ಭಿನ್ನಲಿಂಗಕಾಮಿ' ಎಂದು ಕರೆಯುವುದಿಲ್ಲ. ಒಲವಿಗೂ ಕೃತ್ಯಕ್ಕೂ ಭೇದವಿದೆಯೆಂದು ಧರ್ಮಸಭೆ ಬೋಧಿಸುತ್ತಿರುವಾಗ, ಆ ಭೇದವನ್ನೇ ಅಳಿಸಿಹಾಕುವ ಪದವನ್ನು ಪೀಠದಿಂದ ಬಳಸುವುದು ಬೋಧನೆಗೇ ಅಪಚಾರ.

ಈಗ ದಸ್ತಾವೇಜುಗಳಿಗೆ ಬರೋಣ. 'ಫಿದೂಚಿಯ ಸುಪ್ಲಿಕಾನ್ಸ್' ವಿವಾಹದ ಕುರಿತ ಬೋಧನೆಯನ್ನು ಬದಲಿಸುವುದಿಲ್ಲ. ವಿವಾಹವನ್ನು ಹೋಲುವ ಯಾವ ವಿಧಿಗೂ ಎಡೆಗೊಡುವುದಿಲ್ಲ. ಅದು ತೆರೆಯುವುದು ಬಹು ಕಿರಿದಾದ ಒಂದು ಬಾಗಿಲನ್ನು ಮಾತ್ರ. ಆದರೆ ಆ ಬಾಗಿಲನ್ನು ತೆರೆಯಲು ಅದು ಬಳಸುವ ಭಾಷೆ ಗಮನಾರ್ಹ. 31ನೆಯ ಕಂಡಿಕೆಯಲ್ಲಿ ಆಶೀರ್ವಾದ ಕೇಳಿ ಬಂದವರನ್ನು ಅದು ನಿರ್ಗತಿಕರಂತೆ ಚಿತ್ರಿಸುತ್ತದೆ: ಅವರು ತಮ್ಮ ಸ್ಥಿತಿಗೆ ಮನ್ನಣೆಯನ್ನು ಹಕ್ಕೊತ್ತಾಯದಿಂದ ಕೇಳುವವರಲ್ಲ, ತಮಗೆ ದೇವರ ನೆರವು ಬೇಕೆಂದು ಅರಿತು ಬೇಡುವವರು. ದೈವಶಾಸ್ತ್ರದ ದೃಷ್ಟಿಯಿಂದ ಇದು ಸರಿಯಾದ ಮಾತು. ದೇವರ ಮುಂದೆ ಬೇಡದವನಾರು? ಆದರೆ ಇಲ್ಲಿ ಬಡತನ ಒಂದು ರೂಪಕವಾಗಿಬಿಟ್ಟಿತು. ಇತ್ತ 'ದಿಲೆಕ್ಸಿ ತೆ'ಯಲ್ಲಿ ಬಡತನ ರೂಪಕವಲ್ಲ, ಹಸಿವು. ಬಡತನದ ಅನೇಕ ಮುಖಗಳನ್ನು ಅದು ಹೆಸರಿಸುತ್ತದೆ. ಬಹಿಷ್ಕಾರ, ಹಿಂಸೆಗಳಿಗೆ ಗುರಿಯಾದ ಸ್ತ್ರೀಯರು ಇಮ್ಮಡಿ ಬಡವರೆಂದು ಗುರುತಿಸುತ್ತದೆ. ಹಳೆಯ ಕಾಲದ್ದೆಂದು ನಾವು ಮೂಲೆಗೆ ತಳ್ಳಿದ ಭಿಕ್ಷಾದಾನವನ್ನು ಮತ್ತೆ ಎತ್ತಿಹಿಡಿಯುತ್ತದೆ. ಆದರೆ ತಮ್ಮ ಲಿಂಗತ್ವದ ಅಥವಾ ಒಲವಿನ ಕಾರಣದಿಂದ ಮನೆಯವರಿಂದಲೇ ಹೊರದೂಡಲ್ಪಟ್ಟು ಬಡವರಾದವರಿಗೆ ಅಲ್ಲಿ ಪ್ರತ್ಯೇಕ ಕಂಡಿಕೆಯಿಲ್ಲ. ಹೀಗೆ ಒಂದು ಬರಹ ಸಲಿಂಗಾಸಕ್ತರನ್ನು ಕಂಡಾಗ ಅವರ ಬಡತನ ಆತ್ಮಿಕ ಮಾತ್ರವಾಗುತ್ತದೆ. ಇನ್ನೊಂದು ಬಡವರನ್ನು ಕಂಡಾಗ ಅವರನ್ನು ಬಡವರನ್ನಾಗಿಸಿದ ಈ ಕಾರಣ ಮರೆಯಾಗುತ್ತದೆ. ಎರಡರ ನಡುವೆ ಬಿದ್ದವರು ಯಾರೆಂದು ತಿಳಿಯಲು ದಾವಣಗೆರೆಯ ಬಸ್ ನಿಲ್ದಾಣಕ್ಕೆ ಹೋಗಬೇಕು.

ಜೋಗತಿ ಮಂಜಮ್ಮನವರ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿ ಸ್ವೀಕರಿಸುವಾಗ ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದ ದೃಶ್ಯವನ್ನು ನಾಡೆಲ್ಲ ನೋಡಿತು. ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ ಅವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು', ಜೇಡರ ದಾಸಿಮಯ್ಯನ ವಚನವೊಂದನ್ನು ನೆನಪಿಸುವ ಶೀರ್ಷಿಕೆಯುಳ್ಳದ್ದು, ನಮ್ಮ ಗುರುಮಠಗಳ ಗ್ರಂಥಾಲಯಗಳಲ್ಲಿ ಇರಲೇಬೇಕಾದ ಕೃತಿ. ಸನ್ಮಾನದ ಚಿತ್ರಕ್ಕಿಂತ ಹಿಂದಿನ ಪುಟಗಳು ನಮಗೆ ಮುಖ್ಯ.

ಬಳ್ಳಾರಿ ಜಿಲ್ಲೆಯ ಮನೆಯೊಂದರಲ್ಲಿ ಮಂಜುನಾಥನಾಗಿ ಹುಟ್ಟಿದ ಮಗು ಹೆಣ್ಣಿನ ನಡೆನುಡಿ ತೋರಿದಾಗ ಮನೆಯವರು ಹೊಡೆದರು, ಪೂಜಾರಿಗಳಲ್ಲಿಗೆ ಒಯ್ದರು. ಕೊನೆಗೆ ಹುಲಿಗಿಯ ಹುಲಿಗೆಮ್ಮನ ಗುಡಿಯಲ್ಲಿ ಉಡಿದಾರ ಕಡಿದು, ಲಂಗ ರವಿಕೆ ತೊಡಿಸಿ, ಬಳೆ ಇಟ್ಟು, ಜೋಗತಿಯಾಗಿ ಬಿಟ್ಟರು. ಮಗ ಸತ್ತನೆಂಬಂತೆ ತಾಯಿ ಅತ್ತದ್ದನ್ನು ಅವರು ಅನೇಕ ಕಡೆ ಹೇಳಿಕೊಂಡಿದ್ದಾರೆ. ವಿಷ ಕುಡಿದು ಬದುಕುಳಿದ ಮೇಲೆ ಮನೆ ಬಿಟ್ಟರು. ಭಿಕ್ಷೆ ಬೇಡಿದರು, ಇಡ್ಲಿ ಮಾರಿದರು. ದಾರಿಯಲ್ಲಿ ಗಂಡಸರ ಗುಂಪೊಂದು ಅವರಲ್ಲಿದ್ದುದನ್ನೆಲ್ಲ ದೋಚಿ ಅತ್ಯಾಚಾರವೆಸಗಿತು. ಮತ್ತೆ ಸಾಯಬೇಕೆಂದಿದ್ದವರ ಕಣ್ಣಿಗೆ ದಾವಣಗೆರೆಯ ಬಸ್ ನಿಲ್ದಾಣದ ಬಳಿ ಜೋಗತಿ ನೃತ್ಯ ಮಾಡಿ ಬೇಡುತ್ತಿದ್ದ ಒಬ್ಬ ತಂದೆ ಮತ್ತು ಮಗ ಬಿದ್ದರು. ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಆ ಮಟ್ಟಿಕಲ್ ಬಸಪ್ಪನಿಂದ ಅವರು ಕುಣಿತ ಕಲಿತರು. ಆ ಬಳಿಕ ಕಾಳವ್ವ ಜೋಗತಿಯವರ ತಂಡ ಸೇರಿದರು. ಸಾಯಲಿದ್ದ ಒಬ್ಬರನ್ನು ಉಳಿಸಿದವನು, ತಾನೇ ಬೇಡಿ ಬದುಕುತ್ತಿದ್ದ ಒಬ್ಬ ಬಡವ.

ಈ ಕಥನವನ್ನು ನಾವು ಎಲ್ಲಮ್ಮನ ಪರಂಪರೆಯ ಹೊಗಳಿಕೆಯಾಗಿ ಓದಬಾರದು. ಆ ಪರಂಪರೆ ಇಂಥವರಿಗೆ ಒಂದು ಹೆಸರನ್ನೂ ವೇಷವನ್ನೂ ಹಾಡನ್ನೂ ಕೊಟ್ಟಿತು, ನಿಜ. ಜೊತೆಗೇ ಜೋಳಿಗೆಯನ್ನೂ ಕೊಟ್ಟು ಮನೆಯ ಹೊಸ್ತಿಲಾಚೆ ನಿಲ್ಲಿಸಿತು. ಪೂಜ್ಯತೆಯೂ ಬಹಿಷ್ಕಾರವೂ ಒಂದೇ ವಿಧಿಯಲ್ಲಿ ನಡೆದವು. ಆದರೆ ಟೀಕಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾದೀತು. ಅಂಥದೇ ಮಗು ಕ್ರೈಸ್ತ ಮನೆಯಲ್ಲಿ ಹುಟ್ಟಿದ್ದರೆ ಹೊಸ್ತಿಲಾಚೆಗಾದರೂ ಅದಕ್ಕೊಂದು ಜಾಗ ಇರುತ್ತಿತ್ತೆ?

ಇಲ್ಲಿ ಸೊದೋಮಿನ ಪ್ರಸ್ತಾಪ ಬಾರದೆ ಇರದು. ನಮ್ಮ ಪ್ರಬೋಧನೆಗಳಲ್ಲಿ ಆ ಊರಿನ ಹೆಸರು ಬಂದರೆ ಅರ್ಥ ಒಂದೇ. ಆದಿಕಾಂಡದ ಹತ್ತೊಂಬತ್ತನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಕಾಣುವುದೇನು? ರಾತ್ರಿಗೆ ಆಸರೆ ಪಡೆದ ಪರದೇಶಿಗಳನ್ನು ಬಲಾತ್ಕರಿಸಲು ಊರ ಗಂಡಸರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನ್ಯಾಯಸ್ಥಾಪಕರ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಅದೇ ದೃಶ್ಯ ಗಿಬೆಯದಲ್ಲಿ ಮರುಕಳಿಸಿದಾಗ ಬಲಿಯಾಗುವವಳು ಒಬ್ಬ ಹೆಣ್ಣು. ಪ್ರವಾದಿ ಯೆಜೆಕಿಯೇಲನಂತೂ 16ನೆಯ ಅಧ್ಯಾಯದ 49ನೆಯ ವಚನದಲ್ಲಿ ಸೊದೋಮಿನ ಅಪರಾಧವನ್ನು ಬಿಡಿಸಿ ಹೇಳುತ್ತಾನೆ: ಸೊಕ್ಕು, ಹೊಟ್ಟೆತುಂಬಿದ ನೆಮ್ಮದಿ, ದೀನದರಿದ್ರರಿಗೆ ಕೈನೀಡದಿರುವುದು. ಯೂದನ ಪತ್ರದ ಏಳನೆಯ ವಚನವು ಲೈಂಗಿಕ ಅನೀತಿಯನ್ನು ಎತ್ತಿ ಹೇಳುತ್ತದೆ, ಯೆಜೆಕಿಯೇಲನೂ ಮುಂದಿನ ವಚನದಲ್ಲಿ ಅಸಹ್ಯಕೃತ್ಯಗಳ ಮಾತನ್ನಾಡುತ್ತಾನೆ. ಅವನ್ನು ಮುಚ್ಚಿಡುವುದು ಪ್ರಾಮಾಣಿಕ ವ್ಯಾಖ್ಯಾನವಾಗದು. ಆದರೆ ಯೂದನನ್ನು ಉದ್ಧರಿಸಿ ಯೆಜೆಕಿಯೇಲನನ್ನು ಬಿಡುವುದೂ ಅಷ್ಟೇ ಅಪ್ರಾಮಾಣಿಕ. ಮಂಜಮ್ಮನವರ ಕಥನವನ್ನು ಈ ಅಧ್ಯಾಯದ ಪಕ್ಕದಲ್ಲಿಟ್ಟು ನೋಡಿದರೆ, ಆಸರೆಯಿಲ್ಲದ ಪರದೇಶಿಯ ಸ್ಥಾನದಲ್ಲಿರುವವರು ಅವರೇ. ಬಾಗಿಲಲ್ಲಿ ನಿಂತ ಸೊದೋಮಿನವರ ಸ್ಥಾನದಲ್ಲಿರುವವರು, ಸಮಾಜ ಯಾವ ಸಂದೇಹವನ್ನೂ ಪಡದ ಗಂಡಸರು. ನಮ್ಮ ಸೀಮೆಯಲ್ಲಿ ಸೊದೋಮಿನ ಪಾಪ ನಡೆದದ್ದು ಹೀಗೆ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಆರನೆಯ ಅಧ್ಯಾಯದ ಪಟ್ಟಿಗೂ ಇದೇ ಮಾತು ಸಲ್ಲುತ್ತದೆ. ದೇವರ ರಾಜ್ಯಕ್ಕೆ ಬಾಧ್ಯರಲ್ಲದವರ ಸಾಲಿನಲ್ಲಿ ಲೋಭಿಗಳೂ ಸುಲಿಗೆಗಾರರೂ ಇದ್ದಾರೆ. ಮೀಟರ್ ಬಡ್ಡಿಗೆ ಸಾಲ ಕೊಡುವವನು ಧರ್ಮಕೇಂದ್ರದ ಹಬ್ಬಕ್ಕೆ ದೀಪಾಲಂಕಾರ ಮಾಡಿಸಿದರೆ ಅವನ ಹೆಸರನ್ನು ನಾವು ಮೈಕಿನಲ್ಲಿ ಓದುತ್ತೇವೆ.

ಈ ಅಸಮತೆಗೆ ಅನುವಾದವೂ ಕೈಜೋಡಿಸಿದೆ. ಧರ್ಮೋಪದೇಶದ 2357ನೆಯ ಪರಿಚ್ಛೇದವು ಸಲಿಂಗ ಕೃತ್ಯಗಳ ಬಗ್ಗೆಯೂ 2358ನೆಯದು ಒಲವಿನ ಬಗ್ಗೆಯೂ ಬಳಸುವ ಲತೀನ್ ವಿಶೇಷಣ 'ಇನೋರ್ದಿನಾತುಸ್' ಕುಲದ್ದು. ಇದು ಸಂತ ತೋಮಸ್ ಅಕ್ವಿನಾಸರ ಶಾಲೆಯ ಪದ. ತನ್ನ ಗುರಿಯ ಕಡೆಗೆ ಕ್ರಮಗೊಂಡಿಲ್ಲದ್ದು ಎಂದು ಅದರ ಅರ್ಥ. ಅದು ರೋಗದ ಹೆಸರಲ್ಲ. ತೋಮಸರು ಪ್ರತಿ ಪಾಪದ ಬೇರನ್ನೂ ಕ್ರಮಗೆಟ್ಟ ಆತ್ಮಪ್ರೇಮದಲ್ಲಿ ಕಾಣುತ್ತಾರೆ. ಐಹಿಕ ಸಂಪತ್ತಿನ ಕ್ರಮಗೆಟ್ಟ ಬಯಕೆಗೂ ಅವರು ಇದೇ ಪದವನ್ನು ಬಳಸುತ್ತಾರೆ. ಈ ಪದ ಕನ್ನಡದ ಪೀಠಕ್ಕೆ ಬರುವಷ್ಟರಲ್ಲಿ 'ವಿಕೃತಿ'ಯಾಗುತ್ತದೆ, ಕೆಲವೊಮ್ಮೆ 'ಕಾಯಿಲೆ'. ಶಾಸ್ತ್ರೀಯ ಪರಿಭಾಷೆ ಬೈಗುಳವಾದ ಮೇಲೆ ಅದನ್ನು ಕೇಳಿಸಿಕೊಳ್ಳುವ ಹದಿನಾರರ ಹುಡುಗನಿಗೆ ಅದೇ 2358ನೆಯ ಪರಿಚ್ಛೇದದ ಮುಂದಿನ ವಾಕ್ಯಗಳು ತಲುಪುವುದೇ ಇಲ್ಲ. ಇಂಥವರನ್ನು ಗೌರವ, ಅನುಕಂಪ, ಸೂಕ್ಷ್ಮತೆಗಳಿಂದ ಬರಮಾಡಿಕೊಳ್ಳಬೇಕು, ಅನ್ಯಾಯದ ತಾರತಮ್ಯದ ಲಕ್ಷಣವನ್ನೂ ತೋರಬಾರದು ಎಂಬುದು ಅಲ್ಲಿನ ಆದೇಶ. ಆದೇಶವೆಂಬುದನ್ನು ಒತ್ತಿ ಹೇಳಬೇಕಾಗಿದೆ, ಅದು ಸಲಹೆಯಲ್ಲ. ಕಾರ್ಡಿನಲ್ ರಾತ್ಸಿಂಗರ್ ಸಹಿ ಮಾಡಿದ 1986ರ ಅಕ್ಟೋಬರ್ 1ರ ಪತ್ರ, ಕಠಿಣವೆಂದು ಹೆಸರಾದದ್ದು, ತನ್ನ ಹತ್ತನೆಯ ಕಂಡಿಕೆಯಲ್ಲಿ ಇಂಥವರ ಮೇಲಿನ ಹಿಂಸೆಯನ್ನು, ಮಾತಿನ ಹಿಂಸೆಯನ್ನೂ ಸೇರಿಸಿ, ಪಾಲಕರು ಖಂಡಿಸಬೇಕೆನ್ನುತ್ತದೆ. ಸುಪ್ರೀಂ ಕೋರ್ಟು 2013ರಲ್ಲಿ 377ನೆಯ ಕಲಮನ್ನು ಮತ್ತೆ ಎತ್ತಿಹಿಡಿದಾಗ, ಸಲಿಂಗಾಸಕ್ತರನ್ನು ಕಥೋಲಿಕ ಧರ್ಮಸಭೆ ಎಂದೂ ಅಪರಾಧಿಗಳೆಂದು ಪರಿಗಣಿಸಿಲ್ಲವೆಂದು ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸ್ ಬಹಿರಂಗವಾಗಿ ಹೇಳಿದರು. ಅದೇ ಮೊಕದ್ದಮೆಯಲ್ಲಿ ಕಲಮಿನ ಪರವಾಗಿ ನಿಂತ ಕೆಲವು ಕ್ರೈಸ್ತ ಸಂಘಟನೆಗಳೂ ಇದ್ದವು. 2018ರ ಸೆಪ್ಟೆಂಬರ್ 6ರಂದು ಆ ಕಲಮಿನ ಬಲ ಮುರಿದ ತೀರ್ಪು ಬಂದದ್ದು ಮಾತೆಯ ಜನನೋತ್ಸವದ ನವದಿನಗಳ ನಡುವೆ.

ಹರಿಹರದ ಆರೋಗ್ಯಮಾತೆಯ ಪುಣ್ಯಕ್ಷೇತ್ರದ ಉಲ್ಲೇಖ ಇಲ್ಲಿ ಸಹಜವಾಗಿಯೇ ಬರುತ್ತದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಬರುವ ಜನರ ಜಾತಿಯನ್ನೂ ಮತವನ್ನೂ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಹರಕೆ ಹೊತ್ತವರು ಬರುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ, ಹೋಗುತ್ತಾರೆ. 'ಫಿದೂಚಿಯ ಸುಪ್ಲಿಕಾನ್ಸ್' ತನ್ನ ವಾದಕ್ಕೆ ಆಧಾರವಾಗಿ ಜನಭಕ್ತಿಯ ಇಂಥ ಆಶೀರ್ವಾದಗಳನ್ನೇ ತೆಗೆದುಕೊಳ್ಳುತ್ತದೆ. ಯಾತ್ರಾಸ್ಥಳದಲ್ಲಿ ತಲೆಬಾಗಿದವನ ನೈತಿಕ ಪರೀಕ್ಷೆ ಮಾಡಿ ಗುರು ಕೈಯೆತ್ತುವುದಿಲ್ಲ ಎಂಬ ಅನುಭವವನ್ನು. ಅದನ್ನು ಯೂರೋಪಿನ ಸರಕೆಂದು ತಳ್ಳಿಹಾಕುವವರು ಹರಿಹರದ ಹಬ್ಬವನ್ನು ನೋಡಿ ಮಾತನಾಡಬೇಕು. ತೊಡಕು ಇರುವುದು ದೇವಾಲಯದ ಬಾಗಿಲಲ್ಲಲ್ಲ, ಕಚೇರಿಯ ಮೇಜಿನಲ್ಲಿ.

ಕಚೇರಿಯ ಮೇಜಿನ ಮೇಲೆ ಕುಟುಂಬಗಳ ದಾಖಲೆ ಇರುತ್ತದೆ. ಸರ್ಕಾರದ ಪಡಿತರ ಚೀಟಿಯಂತೆಯೇ ನಮ್ಮ ಧರ್ಮಕೇಂದ್ರದ ಲೆಕ್ಕವೂ ಮನೆಯ ಲೆಕ್ಕ. ಸಂತ ವಿನ್ಸೆಂಟ್ ದ ಪಾಲ್ ಸಭೆಯ ಸಹೋದರರು ಅಕ್ಕಿ ಬೇಳೆ ಒಯ್ಯುವುದು ಮನೆಗಳಿಗೆ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯ ಬಾಗಿಲು ಬಿದ್ದಾಗ, ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ದುಡಿಯುವವರ ನಡುವೆ, ಇಂಥ ನೆರವಿನ ಬೆಲೆ ಏನೆಂದು ಈ ಊರುಗಳಲ್ಲಿ ಸೇವೆ ಮಾಡಿದವರಿಗೆ ಗೊತ್ತು. ಅದನ್ನು ನಾವು ಕಿರಿದುಮಾಡುವುದಿಲ್ಲ. ಆದರೆ ಮನೆಯಿಂದಲೇ ಹೊರಹಾಕಲ್ಪಟ್ಟವರು ಯಾವ ಮನೆಯ ಲೆಕ್ಕದಲ್ಲಿ ಬರಬೇಕು? ಬಡತನದ ಅಳತೆಗೋಲು ಕುಟುಂಬವಾದಾಗ, ಕುಟುಂಬವೇ ಬಡವನನ್ನಾಗಿ ಮಾಡಿದವನು ಅಳತೆಗೆ ಸಿಗುವುದಿಲ್ಲ. ಸರ್ಕಾರವಾದರೂ ಲಿಂಗತ್ವ ಅಲ್ಪಸಂಖ್ಯಾತರಿಗೆ ಮೈತ್ರಿ ಎಂಬ ಪಿಂಚಣಿಯನ್ನೂ, 2021ರಲ್ಲಿ ನೇಮಕಾತಿಗಳಲ್ಲಿ ಶೇಕಡಾ 1ರ ಮೀಸಲಾತಿಯನ್ನೂ ತಂದು ಅವರನ್ನು ಒಬ್ಬೊಬ್ಬರಾಗಿ ಎಣಿಸಲು ಆರಂಭಿಸಿದೆ.

ರೋಮಿನ ಸಮೀಪದ ತೊರ್ವಯಾನಿಕ ಎಂಬ ಕಡಲತೀರದ ಊರಿನಲ್ಲಿ ಈ ಎಣಿಕೆ ಹೇಗೆ ಬದಲಾಯಿತೆಂಬುದು ನಮಗೆ ಪಾಠ. 2020ರ ಮಹಾಮಾರಿಯ ಕಾಲದಲ್ಲಿ ಸಂಪಾದನೆ ನಿಂತುಹೋದ ಲಿಂಗಪರಿವರ್ತಿತ ಸ್ತ್ರೀಯರು, ಬಹುತೇಕ ದಕ್ಷಿಣ ಅಮೆರಿಕದಿಂದ ಬಂದು ದೇಹ ಮಾರಿ ಬದುಕುತ್ತಿದ್ದವರು, ಧರ್ಮಕೇಂದ್ರದ ಬಾಗಿಲು ತಟ್ಟಿದರು. ಅಲ್ಲಿನ ಗುರು ಊಟ ಕೊಟ್ಟರು. ಜಗದ್ಗುರುಗಳ ದಾನಾಧಿಕಾರಿ ಕಾರ್ಡಿನಲ್ ಕ್ರಯೆವ್ಸ್ಕಿ ನೆರವು ಕಳುಹಿಸಿದರು. 2023ರ ನವೆಂಬರ್ 19ರಂದು, ಬಡವರ ವಿಶ್ವದಿನದ ಭೋಜನಕ್ಕೆ, ಜಗದ್ಗುರು ಫ್ರಾನ್ಸಿಸರ ಅತಿಥಿಗಳಲ್ಲಿ ಅವರೂ ಇದ್ದರು. ಗಮನಿಸಬೇಕಾದುದು, ಅವರನ್ನು ಕರೆದದ್ದು ಲೈಂಗಿಕತೆಯ ಕುರಿತ ಯಾವ ಸಮಾವೇಶಕ್ಕೂ ಅಲ್ಲ, ಬಡವರ ಪಂಕ್ತಿಗೆ. ಅದೇ ಫ್ರಾನ್ಸಿಸರ ಅನುಮೋದನೆಯೊಡನೆ 2024ರ ಏಪ್ರಿಲ್‌ನಲ್ಲಿ ಹೊರಬಂದ 'ದಿಗ್ನಿತಾಸ್ ಇನ್ಫಿನೀತ' ಲಿಂಗಪರಿವರ್ತನೆಯನ್ನು ಸ್ಪಷ್ಟವಾಗಿ ಟೀಕಿಸುತ್ತದೆ. ಮಾನವ ಘನತೆಗೆ ಆಗುವ ಗಾಯಗಳ ಪಟ್ಟಿಯನ್ನು ಬಡತನದಿಂದಲೇ ಆರಂಭಿಸುತ್ತದೆ. ಬೋಧನೆಯನ್ನು ಬಿಟ್ಟುಕೊಡದೆ ಪಂಕ್ತಿಯಲ್ಲಿ ಜಾಗ ಕೊಡಲಾಗದು ಎಂಬ ವಾದಕ್ಕೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಜೋಗತಿಯೂ ಸಲಿಂಗಾಸಕ್ತನೂ ಒಂದೇ ಅಲ್ಲ, ಎರಡನ್ನೂ ಬೆರೆಸಿ ವಾದ ಮಾಡುವುದು ಶಾಸ್ತ್ರಸಮ್ಮತವಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪಣೆ ಸರಿ. ಲಿಂಗತ್ವದ ಪ್ರಶ್ನೆ ಬೇರೆ, ಒಲವಿನ ಪ್ರಶ್ನೆ ಬೇರೆ. ಸಲಿಂಗಾಸಕ್ತನ ಬದುಕನ್ನು ಕನ್ನಡದಲ್ಲಿ ಒಳಗಿನಿಂದ ಬರೆದದ್ದು ವಸುಧೇಂದ್ರರ 2013ರ 'ಮೋಹನಸ್ವಾಮಿ'. ಅದರ ನಾಯಕ ಓದಿದವನು, ನಗರದಲ್ಲಿ ಸಂಬಳ ಎಣಿಸುವವನು. ಅವನನ್ನು ಕಾಡುವುದು ಹಸಿವಲ್ಲ, ಅವಮಾನ. ಪ್ರೀತಿಸಿದವನು ಹೆಣ್ಣನ್ನು ಮದುವೆಯಾಗಿ ಹೋದಾಗಿನ ಒಂಟಿತನ. ಕೃತಿಯ ಶಕ್ತಿ ಇರುವುದು ಆ ಒಂಟಿತನದ ನಿಷ್ಠುರ ವಿವರಗಳಲ್ಲಿ. ಆದರೆ ಸಂಬಳವಿದ್ದವನಿಗೆ ಬಾಡಿಗೆಯ ಮನೆಯಾದರೂ ಸಿಗುತ್ತದೆ, ಬಾಗಿಲು ಮುಚ್ಚಿಕೊಂಡು ಅಳುವ ಸ್ವಾತಂತ್ರ್ಯವಾದರೂ ಇರುತ್ತದೆ. ಸಂಬಳವಿಲ್ಲದ ಮೋಹನಸ್ವಾಮಿಗಳ ಕಥೆ ಇನ್ನೂ ಬರೆಯಲ್ಪಡಬೇಕಾಗಿದೆ. ಅವರ ಪೈಕಿ ಹೆಚ್ಚಿನವರನ್ನು ಮನೆಯಿಂದ ಹೊರಗೆ ಹಾಕುವುದಿಲ್ಲ, ಮದುವೆ ಮಾಡುತ್ತಾರೆ.

ಪಾಲನಾ ಸೇವೆಯಲ್ಲಿರುವ ನಮಗೆ ಈ ಇಡೀ ವಿಷಯದಲ್ಲಿ ಅತ್ಯಂತ ಗಂಭೀರವಾದದ್ದು ಇದೇ. ಮಗನ ಒಲವು ತಿಳಿದ ಹೆತ್ತವರು ಗುರುಗಳಲ್ಲಿಗೆ ಬಂದಾಗ, ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಅಂಥ ಸಂಬಂಧಕ್ಕೆ ಮನೆಯವರು ಹುಡುಕುವುದು ಪ್ರಶ್ನೆ ಕೇಳದ ಮನೆಯ ಹೆಣ್ಣನ್ನು; ಪ್ರಶ್ನೆ ಕೇಳದಿರುವುದು ಹೆಚ್ಚಾಗಿ ಬಡತನದ ಲಕ್ಷಣ. ವರದಕ್ಷಿಣೆ ಬೇಡ, ಮದುವೆಯ ಖರ್ಚೂ ನಮ್ಮದೇ ಎಂದರೆ ಕೂಲಿ ಮಾಡುವ ತಂದೆ ಕೈಮುಗಿದು ಒಪ್ಪುತ್ತಾನೆ. ಹೀಗೆ ಒಬ್ಬನ ಗುಟ್ಟನ್ನು ಕಾಯುವ ಬೆಲೆಯನ್ನು ಬಡವನ ಮಗಳು ತೆರುತ್ತಾಳೆ, ಅದೂ ಪವಿತ್ರ ಪೀಠದ ಮುಂದೆ. ಬಡವರ ಪಕ್ಷವೂ ಸಲಿಂಗಾಸಕ್ತರ ಪಕ್ಷವೂ ಪರಸ್ಪರ ವಿರುದ್ಧವೆಂದು ಭಾವಿಸುವವರು ಈ ಹುಡುಗಿಯ ಪಕ್ಷ ಯಾವುದೆಂದು ಹೇಳಬೇಕು.

ಧರ್ಮಸಭೆಯ ಕಾನೂನು ಇಲ್ಲಿ ನಮ್ಮ ರೂಢಿಗಿಂತ ಬಹಳ ಮುಂದಿದೆ. ಬಲವಂತಕ್ಕೆ ಅಥವಾ ಹೊರಗಿನಿಂದ ಹೇರಿದ ಗಂಭೀರ ಭಯಕ್ಕೆ ಒಳಗಾಗಿ ಕೊಟ್ಟ ಸಮ್ಮತಿ ಅಸಿಂಧು ಎನ್ನುತ್ತದೆ 1103ನೆಯ ಸೂತ್ರ. ಸಮ್ಮತಿ ಪಡೆಯಲೆಂದೇ, ದಾಂಪತ್ಯವನ್ನು ತೀವ್ರವಾಗಿ ಕದಡಬಲ್ಲ ಗುಣವೊಂದನ್ನು ಮರೆಮಾಚಿ ವಂಚಿಸಿದರೂ ಅಸಿಂಧು ಎನ್ನುತ್ತದೆ 1098ನೆಯದು. ಎಂದ ಮೇಲೆ ಮದುವೆಯನ್ನು ಔಷಧವಾಗಿ ಬರೆದುಕೊಡುವ ಗುರು ಸಂಸ್ಕಾರವನ್ನು ರಕ್ಷಿಸುತ್ತಿಲ್ಲ. ಮುಂದೊಂದು ದಿನ ಧರ್ಮಕ್ಷೇತ್ರದ ನ್ಯಾಯಮಂಡಳಿ ಅಸಿಂಧುವೆಂದು ಸಾರಬೇಕಾಗಬಹುದಾದ ಮದುವೆಯನ್ನು ಆಶೀರ್ವದಿಸುತ್ತಿದ್ದಾನೆ. ಇಬ್ಬರು ಬೇಡಿಕೊಂಡು ಬಂದಾಗ ಕೆಲವು ಕ್ಷಣಗಳ ಪ್ರಾರ್ಥನೆ ಮಾಡಬಹುದೆಂದ ಘೋಷಣೆಗೆ ಬೆಚ್ಚಿಬಿದ್ದ ನಾವು, ಈ ಆಶೀರ್ವಾದಕ್ಕೆ ಬೆಚ್ಚುವುದಿಲ್ಲ.

ಮದುವೆಗೆ ಮುಂಚಿನ ವಿಚಾರಣೆಯ ನಮೂನೆಯಲ್ಲಿ, ಸ್ವಂತ ಇಚ್ಛೆಯಿಂದ ಬಂದಿರುವಿರಾ ಎಂಬ ಪ್ರಶ್ನೆಯಿದೆ. ಅದನ್ನು ಹುಡುಗನಿಗೂ ಹುಡುಗಿಗೂ ಪ್ರತ್ಯೇಕವಾಗಿ ಕೇಳಬೇಕು. ತಂದೆತಾಯಿಗಳನ್ನು ಹೊರಗೆ ಕೂರಿಸಿ, ಬಾಗಿಲು ಮುಂದೆಮಾಡಿ, ಉತ್ತರಕ್ಕೆ ಸಾಕಷ್ಟು ಸಮಯ ಕೊಟ್ಟು ಕೇಳಬೇಕು. ಹುಡುಗ ಇಲ್ಲವೆಂದರೆ ಆ ಮೇಲೆ ಅವನು ಎಲ್ಲಿಗೆ ಹೋಗುತ್ತಾನೆ, ಆ ರಾತ್ರಿ ಎಲ್ಲಿ ಮಲಗುತ್ತಾನೆ ಎಂಬುದನ್ನೂ ಆ ಧರ್ಮಕೇಂದ್ರ ಮೊದಲೇ ಯೋಚಿಸಿಟ್ಟಿರಬೇಕು.